ಕುಲಾಂತರಿ ಪಪ್ಪಾಯ ಸಸಿಗೆ ಅಡ್ವಾನ್ಸ್ ಕೊಡುವ ಮುಂಚೆ

ಅಣ್ಣಾ, ಹಳೇ ಪಪ್ಪಾಯ ತೋಟ ವೈರಸ್ಸಿಗೆ ಹಾಳಾಯಿತು, ಈಗ "ಕುಲಾಂತರಿ ಸಸಿ, ವೈರಸ್ ಬರೋದೇ ಇಲ್ಲ, ಡಿಎನ್‌ಎ ಟೆಸ್ಟ್ ಆಗಿದೆ, ಎಲ್ಲಾ ದ್ವಿಲಿಂಗಿ ಗಿಡ" ಅಂತ ನರ್ಸರಿಯವರು ಡಬಲ್ ರೇಟು ಹೇಳುತ್ತಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಕುಲಾಂತರಿ ಅಂದರೆ ಹೊರಗಿನ ಜೀನ್ ಸೇರಿಸಿದ ಗಿಡ, ದ್ವಿಲಿಂಗಿ ಅಂದರೆ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವ ಗಿಡ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ತಾನೇ? ಕೊಡಬೇಡಿ.

ನಮ್ಮ ದೇಶದಲ್ಲಿ ಸರ್ಕಾರದ ಒಪ್ಪಿಗೆಯಿಂದ ರೈತರ ಹೊಲಕ್ಕೆ ಬಂದಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ, ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಪಪ್ಪಾಯದ ಮಾತೇ ಇಲ್ಲ. ರೆಡ್ ಲೇಡಿ ಅನ್ನೋ ಪಪ್ಪಾಯ ತಳಿ ಕುಲಾಂತರಿ ಅಂತ ಈ ಗುಂಪಿನಲ್ಲೇ ಎಷ್ಟೋ ಜನ ಬರೆಯುತ್ತಾರೆ, ಅದು ಸುಮ್ನೆ ತೈವಾನಿನ ಹೈಬ್ರಿಡ್.

ಹಾಗಂತ ಕುಲಾಂತರಿ ಪಪ್ಪಾಯ ಎಲ್ಲೂ ಇಲ್ಲ ಅಂತಲ್ಲ. ಅಮೆರಿಕದ ಹವಾಯಿಯಲ್ಲಿ ಪಪ್ಪಾಯ ಬೆಳೆಯುವ ಪುನಾ ಭಾಗಕ್ಕೆ 1992ರಲ್ಲಿ ರಿಂಗ್‌ಸ್ಪಾಟ್ ವೈರಸ್ (ಕಾಯಿ ಮೇಲೆ ಉಂಗುರ ಮೂಡಿಸುವ ಪಪ್ಪಾಯ ರೋಗ) ಹೊಕ್ಕಿತು, ಆರೇ ವರ್ಷದಲ್ಲಿ ಅಲ್ಲಿನ ಫಸಲು ಅರ್ಧಕ್ಕೆ ಇಳಿಯಿತು. ವಿಜ್ಞಾನಿ ಡೆನಿಸ್ ಗೊನ್ಸಾಲ್ವಿಸ್ ಮತ್ತು ಜೊತೆಯವರು ಆ ವೈರಸ್ಸಿನ ಹೊರಕವಚದ ಜೀನ್ ತೆಗೆದು, ಲೋಹದ ಪುಡಿಗೆ ಅಂಟಿಸಿ, ಜೀನ್ ಗನ್ ಅನ್ನುವ ಯಂತ್ರದಿಂದ ಪಪ್ಪಾಯದ ಜೀವಕೋಶದೊಳಕ್ಕೆ ಹೊಡೆದು ಗಿಡ ಮಾಡಿದ್ದರು. ಅದರಿಂದ ಬಂದ ರೇನ್‌ಬೋ ತಳಿಯ ಬೀಜವನ್ನು 1998ರಲ್ಲಿ ರೈತರಿಗೆ ಪುಕ್ಕಟೆ ಹಂಚಿದರು. ಒಳಗೆ ಸೇರಿದ ಜೀನಿಗೆ ಹೋಲುವ ವೈರಸ್ ಬಂದರೆ ಗಿಡವೇ ಗುರುತು ಹಿಡಿದು ಚೂರು ಮಾಡಿಬಿಡುತ್ತದೆ. ತೊಡಕು ಇರುವುದು ಆ "ಹೋಲುವ" ಅನ್ನೋದರಲ್ಲೇ. ಬೇರೆ ದೇಶದ ರಿಂಗ್‌ಸ್ಪಾಟ್ ಸ್ವಲ್ಪ ಬೇರೆ ಇರುತ್ತದೆ, ಹವಾಯಿ ಬಿಟ್ಟು ಹೊರಗಿನ ಬಹುಪಾಲು ವೈರಸ್ಸಿಗೆ ರೇನ್‌ಬೋ ಸೋಲುತ್ತದೆ. ನಿಮ್ಮ ನರ್ಸರಿಯವರು ಹವಾಯಿಯಿಂದ ಕದ್ದು ತಂದಿದ್ದೇನೆ ಅಂದರೂ ಪ್ರಯೋಜನ ಕಡಿಮೆ!

ಇನ್ನು "ಎಲ್ಲಾ ದ್ವಿಲಿಂಗಿ". ದ್ವಿಲಿಂಗಿ ಗಿಡದ್ದೇ ಹೂವಿಗೆ ಅದರದೇ ಪರಾಗ ಕೊಟ್ಟು ಬೀಜ ಮಾಡಿದರೂ ಮೂರರಲ್ಲಿ ಒಂದು ಹೆಣ್ಣು ಬಂದೇ ಬರುತ್ತದೆ, ಅದು ಆ ಗಿಡದ ಹುಟ್ಟುಗುಣ. ನಾನು ಇದೇ ಮಾತು ನಂಬಿ ಗುಣಿಗೆ ಒಂದೇ ಸಸಿ ಇಟ್ಟೆ. ಹೂ ಬಂದಾಗ ನೋಡಿದರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಹೆಣ್ಣು. ಕಾಯಿ ಉರುಟು, ವ್ಯಾಪಾರಿ ಉದ್ದನೆ ಕಾಯಿಯನ್ನಷ್ಟೇ ಆರಿಸಿಕೊಂಡು ಹೋದ. ಟೆಸ್ಟ್ ಅನ್ನೋದು ನಿಜವಾಗಿಯೂ ಇದೆ, ಎಳೆ ಸಸಿಯ ಎಲೆಚೂರಿನಿಂದ ಡಿಎನ್‌ಎ ತೆಗೆದು ಪಿಸಿಆರ್ ಅನ್ನೋ ಲ್ಯಾಬ್ ಪರೀಕ್ಷೆ ಮಾಡಿದರೆ ಗಿಡ ಹೆಣ್ಣೋ ದ್ವಿಲಿಂಗಿಯೋ ಅಂತ ಹೂವಿಗೆ ಕಾಯದೆ ಗೊತ್ತಾಗುತ್ತದೆ. ಆದರೆ ಒಂದೊಂದು ಸಸಿಗೂ ಬೇರೆಬೇರೆಯಾಗಿ ಮಾಡಬೇಕು. ಯಾವ ಲ್ಯಾಬು, ಸಸಿಗೆ ನಂಬರ್ ಇದೆಯಾ, ರಿಪೋರ್ಟ್ ಎಲ್ಲಿ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಮಾಮೂಲಿ ಸಸಿ ತಂದು ಗುಣಿಗೆ ಎರಡು ಮೂರು ನೆಟ್ಟು, ಹೂ ನೋಡಿ ಒಂದು ಉಳಿಸಿಕೊಳ್ಳೋದೇ ಅಗ್ಗ.

ರಿಂಗ್‌ಸ್ಪಾಟ್ ವೈರಸ್ ಹರಡೋದು ಸಸ್ಯಹೇನಿನಿಂದ (ಗಿಡದ ರಸ ಹೀರುವ ಪುಟ್ಟ ಕೀಟ), ಬೀಜದಿಂದ ಅಲ್ಲ. ಹೇನು ಕೆಲವೇ ಸೆಕೆಂಡ್ ಚುಚ್ಚಿದರೂ ವೈರಸ್ ಅಂಟುತ್ತದೆ, ಹೇನು ಔಷಧಿಗೆ ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹಾಗಾಗಿ ನೆಡುವ ಒಂದು ತಿಂಗಳು ಮುಂಚೆ ಹೇನಿಗೆ ತಡೆಯಾಗಿ ಸುತ್ತಲೂ ಎರಡು ಸಾಲು ಮೆಕ್ಕೆಜೋಳ ಹಾಕಿ, ಸಸಿಯನ್ನು ಬಲೆಯೊಳಗೆ ಬೆಳೆಸಿ. ಸಾಲಿನ ಮಧ್ಯೆ ಸೌತೆ, ಕುಂಬಳ, ಹೀರೆ ಬೇಡ, ಈ ವೈರಸ್ ಅವುಗಳಲ್ಲೂ ಬದುಕುತ್ತದೆ. ರೋಗದ ಗಿಡ ಕಂಡ ದಿನವೇ ಕೀಳಿ, ಕಾಯಿ ಇದೆ ಅಂತ ಆಸೆ ಬೇಡ.

ಅಂದಹಾಗೆ, ನಿಮ್ಮ ಹಳೇ ತೋಟಕ್ಕೆ ಬಂದ ರೋಗ ರಿಂಗ್‌ಸ್ಪಾಟೇ ಅಂತ ಗ್ಯಾರಂಟಿನಾ? ನುಸಿ ಹತ್ತಿದರೂ ಎಲೆ ಹೀಗೇ ಮುದುಡುತ್ತದೆ. ಎಲೆಯ ತೊಟ್ಟು, ಕಾಂಡದ ಮೇಲ್ಭಾಗದಲ್ಲಿ ಎಣ್ಣೆ ಸವರಿದಂಥ ಗೆರೆ, ಕಾಯಿ ಮೇಲೆ ಉಂಗುರ ಇದೆಯಾ ನೋಡಿ ಫೋಟೋ ಹಾಕಿ.