ಟೆಕ್ಸಾಸಿಗೆ ಹೊಸದಾಗಿ ಬಂದವರು ಗನ್ ಬಗ್ಗೆ ಕೇಳಿದ್ದಕ್ಕೆ

ನಿಮ್ಮ ಪ್ರಶ್ನೆ ಓದಿದೆ. ಡಲ್ಲಾಸ್ ಕಡೆಗೆ ಬಂದು ಸ್ವಲ್ಪ ದಿನ ಆಗಿದೆ, ಎಚ್-1ಬಿ ಅನ್ನೋ ಕೆಲಸದ ವೀಸಾ, ಟೀಮಿನಲ್ಲಿರೋ ಲೋಕಲ್ ಹುಡುಗ ಶನಿವಾರ ಶೂಟಿಂಗ್ ರೇಂಜಿಗೆ ಬಾ ಅಂತ ಕರೀತಿದಾನೆ, ಹೋಗಬಹುದಾ, ಮುಂದೆ ನಾವೂ ಒಂದು ಗನ್ ತಗೋಬಹುದಾ, ಇಲ್ಲಿ ಎಲ್ಲರ ಮನೇಲೂ ಗನ್ ಇರತ್ತಂತೆ ಹೆಂಡತಿ ಹೆದರಿದಾಳೆ, ಇಷ್ಟೇ ತಾನೆ. ನಾನು ಬಂದು ತುಂಬಾ ವರ್ಷ ಆಯ್ತು, ಈಗ ಸಿಟಿಜನ್, ವೀಕೆಂಡ್ ಶೂಟಿಂಗ್ ನನ್ನ ಹವ್ಯಾಸ. ಲಾಯರ್ ಅಲ್ಲ, ಆದ್ರೂ ಈ ವಿಷಯದಲ್ಲಿ ತಲೆ ಕೆಡಿಸ್ಕೊಂಡು ಓದಿದೀನಿ, ಗೊತ್ತಿರೋದನ್ನ ಬರೀತೀನಿ, ಉದ್ದ ಆಗತ್ತೆ ಸುಧಾರಿಸ್ಕೊಳಿ.

ಮೊದಲು ಶನಿವಾರದ ವಿಷಯ. ಹೋಗಿ, ಹಿಂದೆ ನಿಂತು ನೋಡಿ, ಗನ್ ಮುಟ್ಟಬೇಡಿ. ತಮಾಷೆ ಅಲ್ಲ ಮಾರಾಯ್ರೆ. ಇಲ್ಲಿನ ಫೆಡರಲ್ ಕಾನೂನಿನ, ಅಂದ್ರೆ ಇಡೀ ದೇಶಕ್ಕೆ ಅನ್ವಯಿಸೋ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್, ಅಂದ್ರೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಕೊಳೋ ಹಾಗಿಲ್ಲ, ಎಚ್-1ಬಿ, ಅವರ ಹೆಂಡತಿ ಮಕ್ಕಳ ಎಚ್-4, ಕಂಪನಿ ಒಳಗೇ ವರ್ಗ ಆಗಿ ಬರೋರ ಎಲ್-1, ಸ್ಟೂಡೆಂಟ್ ವೀಸಾ ಎಫ್-1, ಅಪ್ಪ ಅಮ್ಮ ಬರೋ ವಿಸಿಟರ್ ವೀಸಾ ಎಲ್ಲಾ ಅದರಲ್ಲೇ ಬರತ್ತೆ. ಸ್ವಂತದ್ದಾಗಿರಬೇಕು ಅಂತಿಲ್ಲ, ರೇಂಜಲ್ಲಿ ಬಾಡಿಗೆಗೆ ತಗೊಂಡು ಹತ್ತು ನಿಮಿಷ ಕೈಯಲ್ಲಿ ಹಿಡ್ಕೊಂಡ್ರೂ, ಫ್ರೆಂಡ್ ಗನ್ ಇಸ್ಕೊಂಡು ಒಂದೇ ಒಂದು ಗುಂಡು ಹೊಡೆದ್ರೂ ಅದು ಪೊಸೆಷನ್ನೇ, ಗನ್ ಇಟ್ಕೊಂಡ ಹಾಗೇ ಲೆಕ್ಕ. ಸಿಕ್ಕಿಹಾಕ್ಕೊಂಡ್ರೆ ಫೆಲೊನಿ, ಅಂದ್ರೆ ಗಂಭೀರ ಅಪರಾಧ, ಮೇಲಿಂದ ಗನ್ ಕೇಸು ಅನ್ನೋದು ವಲಸೆ ಕಾನೂನಲ್ಲಿ ಡಿಪೋರ್ಟ್ ಮಾಡೋದಕ್ಕೆ ಸಾಕಾಗೋ ಕಾರಣ. ಆದ್ರೆ ನಮ್ಮ ಹುಡುಗ್ರು ಏನು ಮಾಡ್ತಾರೆ, ಬಂದ ಹೊಸದ್ರಲ್ಲಿ ಗುಂಪು ಕಟ್ಕೊಂಡು ರೇಂಜಿಗೆ ಹೋಗ್ತಾರೆ, ಎಆರ್-15 ರೈಫಲ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡು ಇನ್‌ಸ್ಟಾಗ್ರಾಮಲ್ಲಿ ಹಾಕ್ತಾರೆ, ಅದೇ ಪೋಸ್ಟ್ ಕೆಳಗೆ ಎಚ್-1ಬಿ ಸ್ಟಾಂಪಿಂಗ್ ಡೇಟ್ ಸಿಕ್ತಾ ಅಂತ ಕಾಮೆಂಟು. ಯಾರೂ ಹಿಡಿಯಲ್ಲ ಅಂತ ಧೈರ್ಯ. ಹಿಡಿಯದೇ ಇರಬಹುದು, ಆದ್ರೆ ಅಷ್ಟು ವರ್ಷ ಗ್ರೀನ್ ಕಾರ್ಡ್ ಲೈನಲ್ಲಿ ನಿಲ್ಲೋನು ಒಂದು ಫೋಟೋಗೋಸ್ಕರ ಯಾಕೆ ರಿಸ್ಕ್ ತಗೋಬೇಕು ಹೇಳಿ.

ಒಂದು ದಾರಿ ಇದೆ. ಅಮೆರಿಕದ ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಆ ನಿಷೇಧದಿಂದ ವಿನಾಯಿತಿ ಸಿಗತ್ತೆ, ಕಾನೂನಲ್ಲೇ ಬರೆದಿದೆ. ಟೆಕ್ಸಾಸಲ್ಲಿ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಕೊಡತ್ತೆ. ಆರು ತಿಂಗಳು ಇಲ್ಲಿ ವಾಸ ಆಗಿದ್ರೆ ರೆಸಿಡೆಂಟ್ ದರ, 25 ಡಾಲರ್, ಅದಕ್ಕಿಂತ ಮುಂಚೆ ಹೋದ್ರೆ ಹೊರಗಿನವರ ದರ 315, ಹಾಗಾಗಿ ಆರು ತಿಂಗಳು ಕಾಯಿರಿ. 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮಾಡಬೇಕು, ದೊಡ್ಡವರಿಗೆ ಆನ್‌ಲೈನಲ್ಲೇ ಆಗತ್ತೆ. ಲೈಸೆನ್ಸು ಯಾವಾಗ ತಗೊಂಡ್ರೂ ಆಗಸ್ಟ್ 31ಕ್ಕೆ ಮುಗಿಯತ್ತೆ, ಇದನ್ನ ಮರೆಯೋರು ಜಾಸ್ತಿ, ಸೆಪ್ಟೆಂಬರಲ್ಲಿ ಹಳೇ ಲೈಸೆನ್ಸ್ ಜೇಬಲ್ಲಿಟ್ಕೊಂಡು ರೇಂಜಿಗೆ ಬಂದ್ರೆ ಅದು ಬರೀ ಕಾಗದ. ಇದನ್ನೆಲ್ಲಾ ಮಾಡೋ ಮುಂಚೆ ಕಂಪನಿ ಇಮಿಗ್ರೇಶನ್ ಅಟಾರ್ನಿಗೆ ಒಂದು ಈಮೇಲ್ ಹಾಕಿ ಬರಹದಲ್ಲೇ ಉತ್ತರ ತರಿಸ್ಕೊಳಿ, ನನ್ನ ಮಾತು ನಂಬ್ಕೊಂಡು ಹೋಗ್ಬೇಡಿ.

ನಮ್ಮೂರು ಕೊಪ್ಪ ಕಡೆ. ಮನೇಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿನ ಕೋವಿ ಇತ್ತು, ಅಜ್ಜನ ಕಾಲದ ಕೇಪಿನ ಕೋವಿ ಒಂದು, ಆಮೇಲೆ ತೋಟಾ ಹಾಕೋ ಒಂಟಿ ನಳಿಗೆದು ಒಂದು. ಮಂಗ ಬಂದ್ರೆ ತೋಟದ ತುದೀಲಿ ನಿಂತು ಆಕಾಶಕ್ಕೊಂದು ಈಡು, ಅಷ್ಟೇ ಅದರ ಕೆಲಸ. ಎಲೆಕ್ಷನ್ ಡಿಕ್ಲೇರ್ ಆದ ಕೂಡ್ಲೇ ಅದನ್ನ ಠಾಣೆಗೆ ತಗೊಂಡೋಗಿ ಜಮಾ ಮಾಡಿ ರಸೀತಿ ತಗೋಬೇಕು, ರಿಸಲ್ಟ್ ಬಂದು ವಾಪಸ್ ಕೊಡೋವರೆಗೆ ಮಂಗಗಳಿಗೆ ಹಬ್ಬ. ಕೊಡಗಿನ ಕೊಡವರಿಗೆ ಬಿಡಿ, ಲೈಸೆನ್ಸಿಂದಲೇ ವಿನಾಯಿತಿ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದೆ, ಅವರ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೀತಾರೆ. ನಮಗೆ ಹಾಗಿಲ್ಲ, ತೋಟಾ ಎಷ್ಟು ತಗೊಂಡ್ವಿ ಅನ್ನೋದೂ ಲೈಸೆನ್ಸ್ ಪುಸ್ತಕದಲ್ಲಿ ಬರೆಸಬೇಕು. ಇಲ್ಲಿ ನೋಡಿದ್ರೆ ವಾಲ್‌ಮಾರ್ಟಲ್ಲಿ ಕ್ಯಾಂಪಿಂಗ್ ಟೆಂಟಿನ ಪಕ್ಕದ ಶೆಲ್ಫಲ್ಲೇ ತೋಟಾ ಜೋಡಿಸಿರ್ತಾರೆ. ಇನ್ನೊಂದು ವಿಚಿತ್ರ ಗೊತ್ತಾ, ಆ ಕೇಪಿನ ಕೋವಿ ಥರದ್ದು, ನಳಿಗೆಯ ಬಾಯಿಂದ ಮದ್ದು ತುಂಬೋ ಹಳೇ ಮಾದರಿ, ಇಲ್ಲಿನ ಫೆಡರಲ್ ಕಾನೂನಲ್ಲಿ ಬಹುಪಾಲು ಗನ್ ಅಂತಲೇ ಲೆಕ್ಕಕ್ಕೆ ಬರಲ್ಲ, ಆಂಟಿಕ್ ಅಂತೆ. ಅಜ್ಜ ಕೇಳಿದ್ರೆ ನಗ್ತಿದ್ರು, ಅದನ್ನೇ ಹೆಗಲಿಗೆ ಹಾಕ್ಕೊಂಡು ಪ್ರತಿ ಎಲೆಕ್ಷನ್ನಿಗೂ ಠಾಣೆಗೆ ನಡೆದವರು.

ಅಪ್ಪಯ್ಯ ಇಲ್ಲಿಗೆ ಬಂದಾಗ ರೇಂಜಿಗೆ ಕರ್ಕೊಂಡು ಹೋಗಿದ್ದೆ. ವಿಸಿಟರ್ ವೀಸಾ ಅಲ್ವಾ, ಜೀವಮಾನವಿಡೀ ಕೋವಿ ಹಿಡಿದ ಮನುಷ್ಯ ಕಿವಿಗೆ ಮಫ್ಸ್ ಹಾಕ್ಕೊಂಡು ಹಿಂದಿನ ಬೆಂಚಲ್ಲಿ ಕೂತು ನೋಡಿದ್ರು. ಒಂದು ಗಂಟೆ ಆದ್ಮೇಲೆ ಕೇಳಿದ ಒಂದೇ ಪ್ರಶ್ನೆ, ಇಷ್ಟು ತೋಟಾ ಹಾಳು ಮಾಡ್ತೀರಲ್ಲ, ಏನೂ ಸಾಯಲ್ಲ ಏನೂ ಓಡಲ್ಲ, ಎಂತಕ್ಕೆ ಇದು? ನ್ಯಾಯವಾದ ಪ್ರಶ್ನೆನೇ.

ಎಂತಕ್ಕೆ ಅಂದ್ರೆ, ಅದು ತುಂಬಾ ನಿಧಾನದ ಆಟ, ನನಗೆ ಇಷ್ಟ ಆಗಿದ್ದು ಅದಕ್ಕೇ. ಸಿನಿಮಾದಲ್ಲಿ ತೋರಿಸೋ ಥರ ಏನೂ ಇರಲ್ಲ. ಔಟ್‌ಡೋರ್ ರೇಂಜಲ್ಲಿ ಅರ್ಧ ಟೈಮ್ ಸುಮ್ನೆ ನಿಂತಿರೋದೇ. ರೇಂಜ್ ಆಫೀಸರ್ ಸೀಸ್‌ಫೈರ್ ಅಂತ ಕೂಗ್ತಾನೆ, ಎಲ್ಲರೂ ಹೊಡೆಯೋದು ನಿಲ್ಲಿಸಿ, ಗುಂಡು ತುಂಬೋ ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಒಳಗೆ ಏನೂ ಇಲ್ಲ ಅಂತ ಕಾಣೋ ಹಾಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಫ್ಲಾಗ್ ಸಿಗಿಸಿ, ಗನ್ ಟೇಬಲ್ ಮೇಲೆ ಬಿಟ್ಟು ಹಳದಿ ಗೆರೆ ಹಿಂದೆ ಬರಬೇಕು. ಅವನು ಒಂದೊಂದೇ ಟೇಬಲ್ ನೋಡ್ಕೊಂಡು ಬಂದು ಸರಿ ಅಂದಮೇಲೇ ಟಾರ್ಗೆಟ್ ಪೇಪರ್ ಬದಲಾಯಿಸೋಕೆ ಮುಂದೆ ಹೋಗೋದು, ಆ ಹೊತ್ತಲ್ಲಿ ಯಾರಾದ್ರೂ ಟೇಬಲ್ ಮೇಲಿನ ಗುಂಡಿನ ಡಬ್ಬಿ ಮುಟ್ಟಿದ್ರೂ ಬೈಗುಳ, ಡಾಕ್ಟ್ರಿರಲಿ ಪೊಲೀಸಿರಲಿ ಎಲ್ಲರಿಗೂ ಒಂದೇ. ಆಮೇಲೆ ಮತ್ತೆ ಕೂತು ಉಸಿರು ಅರ್ಧ ಬಿಟ್ಟು ಟ್ರಿಗರ್ ಮೇಲೆ ನಿಧಾನಕ್ಕೆ ಒತ್ತಡ ಹಾಕಬೇಕು, ಯಾವಾಗ ಹೊಡೆಯತ್ತೆ ಅಂತ ನಮಗೇ ಗೊತ್ತಾಗಬಾರದು, ಗೊತ್ತಾದ್ರೆ ಕೈ ಅಳುಕತ್ತೆ ಗುಂಡು ಕೆಳಗೆ ಹೋಗತ್ತೆ. ಆ ಒಂದು ಗಂಟೆ ತಲೇಲಿ ಪ್ರೊಡಕ್ಷನ್ ಇಶ್ಯೂ ಇಲ್ಲ, ಮಾರ್ಟ್‌ಗೇಜ್ ಇಲ್ಲ.

ನನ್ನ ಇಷ್ಟದ್ದು ರೂಗರ್ 10/22, ಪಾಯಿಂಟ್ 22 ಅನ್ನೋ ಸಣ್ಣ ಗುಂಡಿನ ರೈಫಲ್ಲು, 1964ರಿಂದ ಬರ್ತಾ ಇರೋ ಮಾಡೆಲ್ಲು, ಇಲ್ಲಿನ ಎಷ್ಟೋ ಮಕ್ಕಳು ಕಲಿಯೋದೇ ಅದರಲ್ಲಿ. ಸದ್ದು ಕಮ್ಮಿ, ಒದೆತ ಇಲ್ಲವೇ ಇಲ್ಲ, ಗುಂಡು ಅಗ್ಗ. 9 ಎಂಎಂ ಪಿಸ್ತೂಲು ಹಿಡಿದ್ರೆ ಒಂದೊಂದು ಗುಂಡಿಗೆ ಹೆಚ್ಚು ಕಮ್ಮಿ ಕಾಲು ಡಾಲರ್ ಬೀಳತ್ತೆ, 2020-21ರಲ್ಲಿ ಅಂಗಡಿ ಶೆಲ್ಫೆಲ್ಲಾ ಖಾಲಿಯಾಗಿ ರೇಟು ದುಪ್ಪಟ್ಟಿಗಿಂತ ಮೇಲೆ ಹೋಗಿತ್ತು. ಇನ್ನೊಂದು ಸ್ಕೀಟ್, ಮಣ್ಣಿನ ಬಿಲ್ಲೆ ಹಾರಿಸ್ತಾರೆ, ಶಾಟ್‌ಗನ್ನಲ್ಲಿ ಹೊಡೀಬೇಕು, ಒಂದು ರೌಂಡಿಗೆ 25. ಅದರಲ್ಲಿ ನನಗಿಂತ ಪಕ್ಕದ ಲೇನಿನ ರಿಟೈರ್ಡ್ ಟೀಚರಮ್ಮ ಎಷ್ಟೋ ಪಾಲು ವಾಸಿ. ಹೊಗೇಲೂ ದೂಳಲ್ಲೂ ಸೀಸ ಇರತ್ತೆ, ವಾಪಸ್ ಬಂದ ತಕ್ಷಣ ಕೈ ಮುಖ ತೊಳೀಬೇಕು, ಆ ಬಟ್ಟೇಲಿ ಮಗು ಎತ್ಕೋಬಾರದು. ನೋಡೋಕೆ ಹೋಗೋದಾದ್ರೂ ಮುಚ್ಚಿದ ಶೂ ಹಾಕ್ಕೊಳಿ, ಕತ್ತು ಮುಚ್ಚೋ ಟೀಶರ್ಟು, ಪಕ್ಕದವನ ಬಿಸಿ ಬಿಸಿ ಖಾಲಿ ತೋಟಾ ಕಾಲರ್ ಒಳಗೆ ಬಿದ್ರೆ ಕುಣಿಯೋದೊಂದೇ ಬಾಕಿ.

ಇನ್ನು ಗನ್ ತಗೊಳೋ ವಿಷಯ. ಗ್ರೀನ್ ಕಾರ್ಡ್ ಬಂದಮೇಲೆ ಬಹುತೇಕ ಸಿಟಿಜನ್ ಥರಾನೇ, ಅಂಗಡೀಲಿ 4473 ಅಂತ ಫೆಡರಲ್ ಫಾರಂ ತುಂಬಬೇಕು, ಎಫ್‌ಬಿಐನವರ ಬ್ಯಾಕ್‌ಗ್ರೌಂಡ್ ಚೆಕ್ ಆಗತ್ತೆ, ಎಲ್ಲಾ ಸರಿಯಿದ್ರೆ ಕಾಫಿ ಕುಡಿಯೋಷ್ಟರಲ್ಲಿ ಮುಗೀತು. ವೀಸಾ ಬಗ್ಗೆ ಪ್ರಶ್ನೆ ಅದರಲ್ಲೇ ಇದೆ, ಗಾಂಜಾ ಸೇದ್ತೀರಾ ಅನ್ನೋದೂ ಇದೆ, ನಿಮ್ಮ ರಾಜ್ಯದಲ್ಲಿ ಅದು ಲೀಗಲ್ ಆದ್ರೂ ಫೆಡರಲ್ ಪ್ರಕಾರ ಅಲ್ಲ ಅಂತ ಫಾರಮಲ್ಲೇ ಎಚ್ಚರಿಸಿದಾರೆ. ಸುಳ್ಳು ಬರೆದ್ರೆ ಅದೇ ಒಂದು ಕ್ರೈಮು. ಟೆಕ್ಸಾಸಲ್ಲಿ 2021ರ ಸೆಪ್ಟೆಂಬರಿಂದ 21 ದಾಟಿದವರು ಪರ್ಮಿಟ್ ಇಲ್ಲದೇ ಕೈಗನ್ ಇಟ್ಕೊಂಡು ಓಡಾಡಬಹುದು. ನನ್ನನ್ನ ಕೇಳಿದ್ರೆ ಅದು ತಪ್ಪು ನಿರ್ಧಾರ. ಮುಂಚೆ ಲೈಸೆನ್ಸಿಗೆ ಕನಿಷ್ಠ ಒಂದು ಕ್ಲಾಸಲ್ಲಿ ಕೂತು ಟಾರ್ಗೆಟ್ಟಿಗೆ ಹೊಡೆದು ತೋರಿಸಬೇಕಿತ್ತು, ಈಗ ಅದೂ ಕಡ್ಡಾಯ ಅಲ್ಲ. ನಾನು ಹೀಗಂದ್ರೆ ರೇಂಜಲ್ಲಿ ಕೆಲವರು ಮುಖ ಸಿಂಡರಿಸ್ತಾರೆ, ಆದ್ರೆ ಒಪ್ಪೋರೂ ಕಮ್ಮಿ ಇಲ್ಲ, ಗನ್ ಇರೋರೆಲ್ಲಾ ಒಂದೇ ಪಾರ್ಟಿ ಅಂದ್ಕೋಬೇಡಿ.

ನಿಮ್ಮ ಹೆಂಡತಿಯವರ ಭಯದ ಬಗ್ಗೆ ಸುಳ್ಳು ಹೇಳಲ್ಲ. 2023ರ ಮೇ 6ರಂದು ಆಲೆನ್ ಔಟ್‌ಲೆಟ್ ಮಾಲಲ್ಲಿ ಒಬ್ಬ ಎಂಟು ಜನರನ್ನ ಕೊಂದ, ಸತ್ತವರಲ್ಲಿ ನಮ್ಮ ದೇಶದಿಂದ ಬಂದ ಇಂಜಿನಿಯರ್ ಹುಡುಗಿ ಒಬ್ಬಳಿದ್ಲು. ಅದು ನಾವೆಲ್ಲಾ ದೀಪಾವಳಿಗೆ ಬಟ್ಟೆ ತರೋಕೆ ಹೋಗೋ ಮಾಲು. ಅದರ ಹಿಂದಿನ ವರ್ಷ ಯುವಾಲ್ಡಿ ಸ್ಕೂಲಲ್ಲಿ 19 ಮಕ್ಕಳು, ಇಬ್ಬರು ಟೀಚರ್ರು. ಆ ವಾರ ನಾನು ರೇಂಜಿಗೆ ಹೋಗಲಿಲ್ಲ, ಹೋಗೋಕೆ ಮನಸ್ಸು ಬರಲಿಲ್ಲ. ಹದಿನೆಂಟರ ಹುಡುಗ ಅಂಗಡಿಗೆ ಹೋಗಿ ಎಆರ್ ರೈಫಲ್ ತಗೊಂಡು ಬರೋದನ್ನ ಇವತ್ತಿಗೂ ನನಗೆ ಸಮರ್ಥಿಸೋಕೆ ಆಗಲ್ಲ. ನನ್ನ ಹವ್ಯಾಸಕ್ಕೆ ಇನ್ನೂ ನಾಲ್ಕು ಫಾರಂ ತುಂಬು, ಹದಿನೈದು ದಿನ ಕಾಯಿ ಅಂದ್ರೆ ಕಾಯ್ತೀನಿ, ಊರಲ್ಲಿ ಠಾಣೆ ಮುಂದೆ ಕಾದ ವಂಶ ನಮ್ಮದು.

ಆದ್ರೆ ಭಯ ಆಯ್ತು ಅಂತ ಗನ್ ತಗೊಳೋದಿದೆಯಲ್ಲ, ಅದು ಬೇಡ. ಕೋವಿಡ್ ಟೈಮಲ್ಲಿ ನಮ್ಮವರೇ ಎಷ್ಟೋ ಜನ ತಗೊಂಡ್ರು, ಒಂದು ಸಲ ಹೊಡೆದು ನೋಡಿ ಬಟ್ಟೆ ಬೀರು ಮೇಲಿನ ಶೆಲ್ಫಲ್ಲಿ ಇಟ್ಟಿದ್ದಾರೆ, ಕೆಲವರದ್ದು ಲೋಡೆಡ್ಡೇ. ಕಳ್ಳ ಬರೋದು ಯಾವಾಗ್ಲೋ, ಮನೇಲಿ ಮಕ್ಕಳು ದಿನಾ ಇರ್ತಾರೆ. ಈ ದೇಶದಲ್ಲಿ ಗನ್ನಿಂದ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಹೊಡ್ಕೊಂಡು ಸಾಯೋರು. ಜಾಬ್ ಹೋಗಿ, ಬೇರೆ ಕೆಲಸ ಹುಡುಕೋಕೆ ವೀಸಾದವರಿಗೆ ಸಿಗೋ 60 ದಿನದ ಗ್ರೇಸ್ ಪೀರಿಯಡ್ ಎಣಿಸ್ತಾ ನಿದ್ದೆ ಇಲ್ಲದೇ ಕೂತ ಮನೇಲಿ ಅದು ಕೈಗೆ ಸಿಗೋ ಹಾಗೆ ಇರಬಾರದು. ನಮ್ಮನೇಲಿ ಸೇಫ್ ಗ್ಯಾರೇಜಿನ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದೆ, ಗುಂಡು ಬೇರೆ ಪೆಟ್ಟಿಗೇಲಿ, ಕೋಡ್ ನನಗೂ ಹೆಂಡತಿಗೂ ಮಾತ್ರ ಗೊತ್ತು. ಟೆಕ್ಸಾಸಲ್ಲಿ 17ರ ಒಳಗಿನ ಮಗುವಿನ ಕೈಗೆ ಲೋಡ್ ಆದ ಗನ್ ಸಿಗೋ ಹಾಗೆ ಬಿಟ್ಟು, ಅದು ಮಗುವಿಗೆ ಸಿಕ್ಕಿಬಿಟ್ರೆ ಅಪರಾಧ, ಆದ್ರೆ ಕಾನೂನಿದೆ ಅಂತ ಮಾಡೋ ಕೆಲಸ ಅಲ್ಲ ಇದು.

ಗನ್ ಇಲ್ಲದವರಿಗೂ ಕೆಲವು ರೂಢಿ ಬೇಕು ಇಲ್ಲಿ. ಮಗುವನ್ನ ಬೇರೆಯವರ ಮನೆಗೆ ಆಡೋಕೆ ಕಳಿಸುವಾಗ ನಿಮ್ಮನೇಲಿ ಗನ್ ಇದೆಯಾ, ಲಾಕ್ ಮಾಡಿದೀರಾ ಅಂತ ನೇರವಾಗಿ ಕೇಳಿ, ಕಡ್ಲೆಕಾಯಿ ಅಲರ್ಜಿ ವಿಷಯ ಮಾತಾಡೋವಾಗಲೇ ಸೇರಿಸಿ ಕೇಳಿಬಿಡಿ, ಯಾರೂ ತಪ್ಪು ತಿಳಿಯಲ್ಲ, ನನ್ನನ್ನ ಕೇಳಿದ ಅಮ್ಮಂದಿರಿಗೆ ನಾನೇ ಸೇಫ್ ತೋರಿಸಿದೀನಿ. ಪೊಲೀಸ್ ಕಾರ್ ನಿಲ್ಲಿಸಿದ್ರೆ ಗಾಜು ಇಳಿಸಿ ಎರಡೂ ಕೈ ಸ್ಟೀರಿಂಗ್ ಮೇಲಿಡಿ, ಇಳೀಬೇಡಿ, ನಮ್ಮ ಕಡೆ ಥರ ಸರ್ ಸರ್ ಅಂತ ಓಡಿ ಹೋಗ್ಬೇಡಿ, ಗ್ಲವ್ ಬಾಕ್ಸಿಗೆ ಕೈ ಹಾಕೋ ಮುಂಚೆ ಇನ್ಶೂರೆನ್ಸ್ ಪೇಪರ್ ಅಲ್ಲಿದೆ ತೆಗೀಲಾ ಅಂತ ಕೇಳಿ, ಯಾಕಂದ್ರೆ ಪ್ರತಿ ಕಾರಲ್ಲೂ ಗನ್ ಇರಬಹುದು ಅಂದ್ಕೊಂಡೇ ಅವನು ಬರೋದು. ರಾತ್ರಿ ಅಡ್ರೆಸ್ ತಪ್ಪಿದ್ರೆ ಯಾರದ್ದೋ ಬಾಗಿಲು ತಟ್ಟಿ ವಿಚಾರಿಸಬೇಡಿ, 2023ರಲ್ಲಿ ಕಾನ್ಸಾಸ್ ಸಿಟಿಲಿ 16 ವರ್ಷದ ಹುಡುಗ ತಮ್ಮಂದಿರನ್ನ ಕರ್ಕೊಂಡು ಬರೋಕೆ ಹೋಗಿ ತಪ್ಪು ಮನೆ ಬೆಲ್ ಒತ್ತಿದ್ದಕ್ಕೆ ಗುಂಡೇಟು ತಿಂದ, ಪುಣ್ಯಕ್ಕೆ ಬದುಕಿದ. ಅಂಗಡಿ ಬಾಗಿಲಲ್ಲಿ 30.06, 30.07 ಅಂತ ಇಂಗ್ಲಿಷಲ್ಲೂ ಸ್ಪ್ಯಾನಿಷಲ್ಲೂ ಬರೆದಿರೋ ದೊಡ್ಡ ಬೋರ್ಡು ಕಂಡ್ರೆ ಗಾಬರಿ ಬೇಡ, ಲೈಸೆನ್ಸ್ ಇರೋರೂ ಒಳಗೆ ಗನ್ ತರಬೇಡಿ ಅಂತ ಅಷ್ಟೇ.

ಹಾಗಂತ ದಿನಾ ಎಲ್ಲಾ ಕಡೆ ಸೊಂಟದಲ್ಲಿ ಗನ್ ಸಿಗಿಸ್ಕೊಂಡು ಓಡಾಡ್ತಾರೆ ಅಂತಲೂ ಅಲ್ಲ, ನೀವಿರೋ ಕಡೆ ವರ್ಷಗಟ್ಲೆ ಒಂದೂ ಕಣ್ಣಿಗೆ ಬೀಳದೇ ಇರಬಹುದು. ಹೆಂಡತಿಗೆ ಅದನ್ನೂ ಹೇಳಿ.

ನಿಮಗೆ ನಿಜವಾಗ್ಲೂ ಆಸಕ್ತಿ ಇದ್ರೆ ಹಂಟರ್ ಎಜುಕೇಶನ್ ಈಗಲೇ ಶುರು ಮಾಡಿ, ವಿಷಯ ಚೆನ್ನಾಗಿದೆ, ಗನ್ ಹಿಡಿಯದವರೂ ಓದಬಹುದು. ಅಲ್ಲೀವರೆಗೆ ಏರ್ ರೈಫಲ್ ಇದೆ, ಅದು ಫೆಡರಲ್ ಕಾನೂನಲ್ಲಿ ಫೈರ್‌ಆರ್ಮ್ ಅಲ್ಲ, ಗುರಿ ಹಿಡಿಯೋದು ಅದರಲ್ಲೂ ಕಲೀಬಹುದು. ಸೆಪ್ಟೆಂಬರ್ 1ಕ್ಕೆ ಡವ್ ಸೀಸನ್, ಪಾರಿವಾಳದ ಜಾತಿ ಹಕ್ಕಿ, ಅರ್ಧ ಆಫೀಸ್ ರಜಾ ಹಾಕತ್ತೆ, ಕರೆದ್ರೆ ಆಶ್ಚರ್ಯ ಬೇಡ. ನಾನು ಹೋಗಲ್ಲ, ನನಗೆ ಪೇಪರ್ ಟಾರ್ಗೆಟ್ಟೇ ಸಾಕು.

ಇನ್ನೊಂದು ಹೇಳೋದು ಮರೀತಿದ್ದೆ. ರೇಂಜಿಗೆ ತಗೊಂಡು ಹೋದ ಬ್ಯಾಗನ್ನ ಊರಿಗೆ ಹೋಗುವಾಗ ಯಾವ ಕಾರಣಕ್ಕೂ ಪ್ಯಾಕ್ ಮಾಡಬೇಡಿ. ಸೈಡ್ ಪಾಕೆಟ್ಟಿನ ಹೊಲಿಗೆ ಸಂದೀಲಿ ಒಂದು ಪಾಯಿಂಟ್ 22 ಗುಂಡು ಸಿಕ್ಕಿಹಾಕ್ಕೊಂಡಿರತ್ತೆ, ಬೆರಳಿನ ಉಗುರಷ್ಟಗಲ ಇರಲ್ಲ, ಇಲ್ಲಿ ಹೇಗೋ ದಾಟಿಬಿಡಬಹುದು, ವಾಪಸ್ ಬರುವಾಗ ಬೆಂಗಳೂರಲ್ಲೋ ಡೆಲ್ಲೀಲೋ ಸ್ಕ್ಯಾನರಲ್ಲಿ ಕಂಡ್ರೆ ಆರ್ಮ್ಸ್ ಆಕ್ಟ್ ಕೇಸು, ಫ್ಲೈಟು ಹೋಯ್ತು, ರಜೆ ಮುಗಿದ್ರೂ ಸ್ಟೇಷನ್ನು ಕೋರ್ಟು ಅಂತ ಅಲೀಬೇಕು. ಮನೆಗೆ ಬಂದ ನೆಂಟರಿಗೆ ಬ್ಯಾಗ್ ಕಡ ಕೊಡುವಾಗಲೂ ಅಷ್ಟೇ, ಪೂರ್ತಿ ಮಗುಚಿ ಕೊಡವಿ ಕೊಡಿ.