ಆ 20 ನ್ಯೂಟನ್ ಬಿ ಹತ್ತಿರ ಬರುವುದೇ ಇಲ್ಲ

ಎರಡು ಬ್ಲಾಕ್‌ಗಳ ನಡುವಿನ ಬಲದ ಲೆಕ್ಕ ಎಲ್ಲಿ ತಪ್ಪಿತು ಅಂತ ಕೇಳಿ ನೀವು ಹಾಕಿದ ಫೋಟೋ ನೋಡಿ ನನ್ನ ಪಿಯುಸಿ ನೋಟ್‌ಬುಕ್ಕೇ ನೆನಪಾಯಿತು. ನುಣುಪಾದ ಮೇಜು, 3 ಕೆ.ಜಿ.ಯ ಎ, ಅದಕ್ಕೆ ಅಂಟಿಕೊಂಡು 2 ಕೆ.ಜಿ.ಯ ಬಿ, ಎಯನ್ನು ಕೈ 20 ನ್ಯೂಟನ್‌ನಿಂದ ತಳ್ಳುತ್ತಿದೆ. ನೀವು ಬಿಯ ಎಫ್‌ಬಿಡಿಯಲ್ಲೂ (ಫ್ರೀ ಬಾಡಿ ಡಯಾಗ್ರಾಮ್, ಅಂದರೆ ಒಂದೇ ವಸ್ತುವನ್ನು ಬಿಡಿಸಿಟ್ಟು ಅದರ ಮೇಲಿನ ಬಲಗಳನ್ನಷ್ಟೇ ತೋರಿಸುವ ಚಿತ್ರ) 20 ಬರೆದು, ಅದರ ಪ್ರತಿಕ್ರಿಯೆ ಅಂತ ಎ ಮೇಲೆ ಹಿಂದಕ್ಕೆ 20 ಹಾಕಿದ್ದೀರಿ. ಹಾಗಾದರೆ ಎಗೆ ವೇಗೋತ್ಕರ್ಷ 0, ಬಿಗೆ 10. ಅಂದರೆ ಎ ನಿಂತಲ್ಲೇ ನಿಂತಿದೆ, ಬಿ ಒಂದೇ ಓಡಿಹೋಗಿದೆ. ಓಡಿಹೋದ ಬಿಯನ್ನು ತಳ್ಳುತ್ತಿರುವುದು ಯಾರು ಮತ್ತೆ?

ನಾನು ಪ್ರಿಪರೇಟರಿ ಪರೀಕ್ಷೆಯಲ್ಲಿ ಇದಕ್ಕಿಂತ ಚೆನ್ನಾಗಿ ತಪ್ಪು ಮಾಡಿದ್ದೆ. ಎರಡೂ ಬ್ಲಾಕ್‌ಗಳನ್ನು ಒಂದೇ ಚಿತ್ರದಲ್ಲಿ ಇಟ್ಟು, ಮಧ್ಯದಲ್ಲಿ ಎದುರುಬದುರು ಎರಡು ಬಾಣ ಹಾಕಿ, 'ಒಂದಕ್ಕೊಂದು ರದ್ದು' ಅಂತ ಧೈರ್ಯವಾಗಿ ಬರೆದೆ. ಆಮೇಲೆ ಅದೇ ಚಿತ್ರದಿಂದ ಮಧ್ಯದ ಬಲ ಕಂಡುಹಿಡಿಯಲು ಹೊರಟೆ. ರದ್ದು ಮಾಡಿದ ಮೇಲೆ ಸಿಗುತ್ತದೆಯೇ? ಮೇಷ್ಟ್ರು ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದಿದ್ದರು: 'ಯಾರು? ಯಾರನ್ನು?' ಅಂಕ ಸೊನ್ನೆ.

ಅವತ್ತಿನಿಂದ ನನ್ನದು ಒಂದೇ ಪದ್ಧತಿ. ಒಂದು ವಸ್ತುವಿನ ಸುತ್ತ ಪೆನ್ಸಿಲ್‌ನಲ್ಲಿ ಬೇಲಿ ಹಾಕಿ. ಬೇಲಿಗೆ ಹೊರಗಿನಿಂದ ಏನೇನು ತಾಗುತ್ತಿದೆಯೋ ಅಷ್ಟಕ್ಕೇ ಬಾಣ. ಮುಟ್ಟದೆ ಎಳೆಯುವ ಅನುಮತಿ ಭೂಮಿಗೆ ಮಾತ್ರ (ಲೆಕ್ಕದಲ್ಲಿ ಅಯಸ್ಕಾಂತ, ವಿದ್ಯುದಾವೇಶ ಇದ್ದರೆ ಬೇರೆ ಮಾತು). ಪ್ರತಿ ಬಾಣದ ಪಕ್ಕ 'ಯಾರು ಯಾರನ್ನು' ಬರೆಯಿರಿ. ಬರೆಯಲು ಆಗದಿದ್ದರೆ ಆ ಬಾಣ ಅಳಿಸಿ. 'ಕೈ ಬಿಯನ್ನು' ಅಂತ ಬರೆಯೋಕಾಗುತ್ತಾ? ಕೈ ಬಿಯನ್ನು ಮುಟ್ಟಿಯೇ ಇಲ್ಲ. ಬಿಯನ್ನು ಮುಂದಕ್ಕೆ ತಳ್ಳುವುದು ಎ ಮಾತ್ರ. ಒಟ್ಟು 5 ಕೆ.ಜಿ.ಗೆ 20 ಅಂದರೆ ವೇಗೋತ್ಕರ್ಷ 4, ಬಿಗೆ ಬೇಕಾದ್ದು 8 ನ್ಯೂಟನ್. ಎಯಲ್ಲಿ ತಾಳೆ ನೋಡಿ: 20ರಲ್ಲಿ 8 ಹೋದರೆ 12, 3 ಕೆ.ಜಿ.ಗೆ 4. ಸರಿ ಬಂತಲ್ವಾ? ಈಗ ಅದೇ 20ನ್ನು ಬಿ ಕಡೆಯಿಂದ ತಳ್ಳಿ. ಮಧ್ಯದ ಬಲ 12 ಆಗುತ್ತದೆ, ಯಾಕೆಂದರೆ ಈಗ ಸಾಗಿಸಬೇಕಾದ್ದು 3 ಕೆ.ಜಿ. ಈ ಪ್ರಶ್ನೆ ಸಿಇಟಿ ಅಭ್ಯಾಸದಲ್ಲಿ ಎಷ್ಟು ಜನರನ್ನು ಬೀಳಿಸುತ್ತದೋ!

ನಿಮ್ಮ ಎರಡನೇ ಚಿತ್ರದಲ್ಲಿ 'ಎಂಎ' (ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ) ಅಂತ ಒಂದು ಬಾಣ ಇದೆ. ಅದನ್ನು ಯಾರು ತಳ್ಳಿದ್ದು? ಯಾರೂ ಇಲ್ಲ. ಅಳಿಸಿ. ಅದು ಸಮೀಕರಣದ ಬಲಗಡೆ ಕೂರುವ ಗಿರಾಕಿ, ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಘರ್ಷಣೆ ಇದ್ದರೆ? ಘರ್ಷಣಾ ಗುಣಾಂಕ ಎರಡಕ್ಕೂ 0.2, ಜಿ (ಗುರುತ್ವದ ವೇಗೋತ್ಕರ್ಷ) 10 ಅಂತ ಇಟ್ಟುಕೊಳ್ಳಿ. ವೇಗೋತ್ಕರ್ಷ 2ಕ್ಕೆ ಇಳಿಯುತ್ತದೆ, ಆದರೆ ಮಧ್ಯದ ಬಲ ಆಗಲೂ 8. ನಂಬಿಕೆ ಇಲ್ಲದಿದ್ದರೆ ಮಾಡಿ ನೋಡಿ. ಗುಣಾಂಕ ಬೇರೆ ಬೇರೆ ಇದ್ದರೆ ಮಾತ್ರ ಈ ಆಟ ನಡೆಯುವುದಿಲ್ಲ. ಬ್ಲಾಕ್‌ಗಳು ಜರುಗದೆ ನಿಂತಿದ್ದರೂ ನಡೆಯುವುದಿಲ್ಲ. ಆಗ ಯಾವುದರ ಕೆಳಗೆ ಎಷ್ಟು ಘರ್ಷಣೆ ಅಂತ ಹೇಳಲಾಗದು, ಸುಮ್ನೆ ಸೂತ್ರ ಹಾಕಬೇಡಿ.

ಒಂದರ ಮೇಲೊಂದು ಇಟ್ಟಾಗಲೂ ಇದೇ ಬೇಲಿ. ಕೆಳಗಿನ ಪೆಟ್ಟಿಗೆಯ ಮೇಲೆ 'ಮೇಲಿನದರ ತೂಕ' ಅಂತ ಬರೆಯಬೇಡಿ. ಆ ತೂಕ ಭೂಮಿ ಮೇಲಿನದನ್ನು ಎಳೆಯುವ ಬಲ. ಕೆಳಗಿನದಕ್ಕೆ ಸಿಗುವುದು ನಾರ್ಮಲ್, ಅಂದರೆ ತಾಗಿದ ಮೇಲ್ಮೈಗೆ ಲಂಬವಾಗಿ ಒತ್ತುವ ಬಲ. ಸ್ಥಿರವಾಗಿದ್ದಾಗ ಎರಡೂ ಸಮ, ಅದಕ್ಕೇ ಮೋಸ ಹೋಗುವುದು. 2ರ ವೇಗೋತ್ಕರ್ಷದಲ್ಲಿ ಮೇಲೇರುವ ಲಿಫ್ಟಿನಲ್ಲಿ ಇಡಿ: 5 ಕೆ.ಜಿ.ಯ ಪೆಟ್ಟಿಗೆ ಕೆಳಗಿನದನ್ನು 60 ನ್ಯೂಟನ್‌ನಿಂದ ಒತ್ತುತ್ತದೆ.

ಜೆಲ್ ಪೆನ್ ಬಿಡಿ ಮಾರಾಯ್ರೇ, ಅರ್ಧ ಬಾಣ ಕಲಸಿಹೋಗಿದೆ. ನನಗೆ ಅಪ್ಸರಾ ಪೆನ್ಸಿಲ್ ಇಷ್ಟ, ನಟರಾಜ್ ಆದರೂ ನಡೆಯುತ್ತದೆ. ಸ್ಕೇಲ್ ಹಿಡಿದು ಗೆರೆ ಎಳೆಯುವ ಚಟ ಬೇಡ, ಬಾಣಗಳ ಉದ್ದ ಹೆಚ್ಚುಕಡಿಮೆ ಅನುಪಾತದಲ್ಲಿದ್ದರೆ ಸಾಕು. ನಿಮ್ಮ 20ರ ಬಾಣ 8ರದ್ದಕ್ಕಿಂತ ಗಿಡ್ಡ ಇದ್ದರೆ ಕಣ್ಣಿಗೇ ತಪ್ಪು ಕಾಣಬೇಕು.

ಮೂರ್ನಾಲ್ಕು ಬ್ಲಾಕ್‌ಗಳ ಲೆಕ್ಕ ಬಂದರೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಗೂಡ್ಸ್ ನೆನೆಸಿಕೊಳ್ಳಿ. 50ಕ್ಕೆ 1ರ ಏರು, ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳುತ್ತಿರುತ್ತದೆ. ಮುಂದಿನ ಇಂಜಿನ್ ಎಳೆತವನ್ನು ಸದ್ಯಕ್ಕೆ ಮರೆತುಬಿಡಿ. ತಳ್ಳು ಜಾಸ್ತಿ ಕೊನೆಯ ವ್ಯಾಗನ್‌ಗೆ, ಮುಂದೆ ಮುಂದೆ ಹೋದಂತೆ ಕಡಿಮೆ. ಪ್ರತಿ ಕೊಂಡಿಯಲ್ಲೂ 'ಇದರ ಮುಂದೆ ಇನ್ನೆಷ್ಟು ವ್ಯಾಗನ್ ಉಳಿದಿವೆ' ಅಂತ ಎಣಿಸಿ. ನಿಮ್ಮ ನಾಲ್ಕನೇ ಪ್ರಶ್ನೆಯನ್ನು ಹಾಗೇ ಮಾಡಿ, ಬೇಲಿ ಹಾಕಿದ ಫೋಟೋ ಇಲ್ಲೇ ಹಾಕಿ, ನೋಡುತ್ತೇನೆ.