ಯುದ್ಧನೀತಿ ಓದೋಕೆ ವೇಲ್ಸ್‌ಗೆ ಹೊರಟಿರೋ ತೀರ್ಥಹಳ್ಳಿ ತಮ್ಮನಿಗೆ

ಯುದ್ಧದಲ್ಲಿ ಯಾವುದು ಸರಿ ಯಾವುದು ತಪ್ಪು ಅನ್ನೋದನ್ನ ಓದೋಕೆ ಅಬೆರಿಸ್ಟ್ವಿತ್ ಯೂನಿವರ್ಸಿಟಿಲಿ ಪಿಎಚ್‌ಡಿ ಸೀಟು ಸಿಕ್ಕಿದೆ ಅಕ್ಕ, ಅಲ್ಲಿ ಚಳಿ ಹೆಂಗೆ, ಪಾಠ ಮಾಡೋ ಕೆಲಸ ಸಿಗುತ್ತಾ, ಮಹಾಭಾರತದ ಮಾತೆತ್ತಿದ್ರೆ ಕೇಳ್ತಾರಾ ಅಂತ ಕೇಳಿದೀಯ. ತುಂಬಾ ಖುಷಿ ಆಯ್ತು ಮಾರಾಯ. ಅಂತಾರಾಷ್ಟ್ರೀಯ ರಾಜಕೀಯಕ್ಕೆ ಅಂತಲೇ ಪ್ರಪಂಚದಲ್ಲಿ ಮೊದಲ ಡಿಪಾರ್ಟ್‌ಮೆಂಟ್ ಶುರುವಾಗಿದ್ದು ಅಲ್ಲೇ, 1919ರಲ್ಲಿ, ಮಹಾಯುದ್ಧ ಮುಗಿದ ಮರುವರ್ಷ, ಇನ್ನೊಂದು ಅಂಥದ್ದು ಆಗಬಾರದು ಅನ್ನೋ ಆಸೆಯಿಂದ.

ಮಳೆಗೆ ಹೆದರಬೇಡ, ಆಗುಂಬೆ ಕಂಡೋನು ನೀನು. ಗಾಳಿ ಮಾತ್ರ ಸಮುದ್ರದಿಂದ ನೇರ ಬರುತ್ತೆ, ಗಾಂಧಿ ಬಜಾರಲ್ಲಿ ತಗೊಂಡ ಜಾಕೆಟ್ ನಂಬ್ಕೊಂಡು ಬಂದಿಳಿದ ದಿನ ಬಸ್‌ಸ್ಟಾಪಲ್ಲಿ ನಡುಗಿದ್ದು ನನಗಿನ್ನೂ ನೆನಪಿದೆ, ನೀನು ಅಲ್ಲಿಗೆ ಹೋಗೇ ತಗೋ. ಅಪ್ಪೆಮಿಡಿ ಗಟ್ಟಿಯಾಗಿ ಪ್ಯಾಕ್ ಮಾಡಿಸ್ಕೋ. ಪಾಠದ ಕೆಲಸ ಕೇಳಿದ್ರೆ ಸಿಗುತ್ತೆ.

ಆ ಪಾಠದ ಬಗ್ಗೆನೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಎದುರಿಗಿರೋನು ಸೈನಿಕನೋ ಸಾಮಾನ್ಯ ನಾಗರಿಕನೋ ಅಂತ ಡೌಟ್ ಬಂದ್ರೆ ನಾಗರಿಕ ಅಂತಲೇ ತಿಳೀಬೇಕು ಅಂತ 1977ರ ಜಿನೀವಾ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ, ಅಂದ್ರೆ ಯುದ್ಧದಲ್ಲಿ ಸಿಕ್ಕಿಹಾಕ್ಕೊಂಡ ಜನರನ್ನ ಕಾಪಾಡೋಕೆ ದೇಶಗಳು ಮಾಡ್ಕೊಂಡ ಒಪ್ಪಂದದ, 50ನೇ ವಿಧಿ ಹೇಳುತ್ತೆ. ಭಾರತ ಇದಕ್ಕೆ ಸೇರಿಲ್ಲ, ಯಾಕೆ ಅಂತ ನಿನ್ನನ್ನ ಕೇಳೇ ಕೇಳ್ತಾರೆ, ಓದ್ಕೊಂಡಿರು. ಇದನ್ನ ಹೇಳಿಕೊಡೋಕೆ ಚೆಕ್‌ಪೋಸ್ಟ್ ಕಡೆ ನಿಲ್ಲದೆ ಬರ್ತಿರೋ ಕಾರಿನ ಉದಾಹರಣೆ ಕೊಟ್ಟು, ಗುಂಡು ಹಾರಿಸ್ತೀರಾ ಅಂತ ಕೈ ಎತ್ತಿಸೋದು ವಾಡಿಕೆ. ಒಂದ್ಸಲ ಹಂಗೆ ಕೇಳಿದಾಗ ಅಫ್ಘಾನಿಸ್ತಾನದಲ್ಲಿ ಸೈನಿಕನಾಗಿ ಕೆಲಸ ಮಾಡಿ ಬಂದಿದ್ದ ಸ್ಟೂಡೆಂಟ್ ಒಬ್ಬ ಎದ್ದು ಹೊರಗೆ ಹೋದ. ಕ್ಲಾಸ್ ಮುಗಿದ ಮೇಲೆ ವಾಪಸ್ ಬಂದು ಹೇಳಿದ, "ನಿಮ್ಮ ಸ್ಲೈಡಲ್ಲಿ ಕಾರೊಳಗೆ ನಾಲ್ಕು ಜನ ಅಂತ ಬರೆದಿದೆ. ನನಗೆ ಕಂಡಿದ್ದು ಎರಡು ಹೆಡ್‌ಲೈಟ್ ಅಷ್ಟೇ." ಆಮೇಲೆ ನಾನು ಒಳಗೆ ಎಷ್ಟು ಜನ ಅಂತ ಮೊದಲೇ ಹೇಳೋದು ಬಿಟ್ಟೆ, ಕತ್ತಲೆ, ಭಾಷೆ ಬರದ ಊರು, ಹಿಂದಿನ ವಾರ ಅದೇ ರಸ್ತೆಲಿ ಸಿಡಿದ ಬಾಂಬು, ಇಷ್ಟು ಹೇಳಿ ಆಮೇಲೆ ವಿಧಿಗೆ ಬರ್ತೀನಿ. ಹಂಗಂತ ವಿಧಿನ ಸಡಿಲ ಬಿಡಬೇಡ, ಕಾರಲ್ಲಿದ್ದೋರು ಕ್ಲಾಸಿಗೆ ಬಂದು ಮಾತಾಡೋಕಾಗಲ್ಲ. ನಿನ್ನ ಮುಂದೆ ಯಾರು ಕೂತಿದಾರೆ, ಎಲ್ಲಿಂದ ಬಂದಿದಾರೆ ಅಂತ ಮೊದಲ ವಾರನೇ ತಿಳ್ಕೋ.

ಮಹಾಭಾರತ ಕೇಳ್ತಾರೆ, ಆಸೆಯಿಂದ ಕೇಳ್ತಾರೆ. ಆದ್ರೆ ಆಯುಧ ಕೆಳಗಿಟ್ಟೋನನ್ನ ಹೊಡೀಬಾರ್ದು, ಭೇರಿ ಬಾರಿಸೋನನ್ನ ಮುಟ್ಟಬಾರ್ದು ಅಂತ ಎರಡೂ ಕಡೆಯೋರು ಒಪ್ಪಿದ್ರು ಅನ್ನೋದಕ್ಕೇ ನಿಲ್ಲಿಸಬೇಡ. ಅಶ್ವತ್ಥಾಮ ಮಲಗಿದ್ದೋರನ್ನ ಕೊಂದಿದ್ದೂ ಹೇಳು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದೋನು, ಭೀಮನ ಗದೆ ತೊಡೆಗೆ ಬಿದ್ದಾಗ ನಮ್ಮ ಜನ ಕೌರವನಿಗೆ ಅಯ್ಯೋ ಅನ್ನೋದು ನಿನಗೆ ಗೊತ್ತು.

ಇನ್ನೊಂದು. ಬಲ ಇದ್ದೋನದ್ದೇ ಮಾತು ಅನ್ನೋದಕ್ಕೆ ಇಲ್ಲಿ ಎಲ್ಲರೂ ಹಳೇ ಗ್ರೀಸಿನ ಅಥೆನ್ಸ್‌ನೋರು ತಮಗೆ ಶರಣಾಗದ ಪುಟ್ಟ ಮೆಲೋಸ್ ದ್ವೀಪನ ತುಳಿದ ಕಥೆ ಹೇಳ್ತಾರೆ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ರೂ ಶಿವಾಜಿ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮ ಆ ಪಾಠದ ಪಕ್ಕದಲ್ಲಿ ಇರಬೇಕು ಅಂತ ನನ್ನಾಸೆ. ಹೊರಡೋ ಮುಂಚೆ ಕೆಳದಿ ಮ್ಯೂಸಿಯಂಗೆ ಹೋಗಿ ಬಾ, ಸಾಗರದಿಂದ ಹತ್ರನೇ, ನೋಟ್ಸ್ ಮಾಡ್ಕೊಂಡ್ರೆ ನನಗೂ ಒಂದು ಕಾಪಿ ಕಳಿಸು.